ಮುಳ್ಳು ಹೇಳುವುದು ಒಂದು, ಎಂಜಿನ್ ಹೇಳುವುದು ಇನ್ನೊಂದು: ಹಳೇ ಗಾಡಿಯ ಟೆಂಪರೇಚರ್ ಮೀಟರ್ ಗೊಂದಲ

ಹಳೇಚಕ್ರ · ಶನಿವಾರ, ಬೆಳಿಗ್ಗೆ 8:15

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ತಲೆ ಕೆಟ್ಟುಹೋಗಿದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗಾಡಿ 1991ರದ್ದು. ನಾಲ್ಕು ಸಿಲಿಂಡರ್, ಪೆಟ್ರೋಲ್, ಕಾರ್ಬುರೇಟರ್. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಗಿಸಿಯು ಏನೂ ಇಲ್ಲ. ಟೆಂಪರೇಚರ್ ಮೀಟರಿನಲ್ಲಿ ಅಂಕಿ ಇಲ್ಲ, ಒಂದು ತುದಿಗೆ ಸಿ, ಇನ್ನೊಂದು ತುದಿಗೆ ಎಚ್. ಮೊದಲೆಲ್ಲ ಮುಳ್ಳು ಅರ್ಧಕ್ಕಿಂತ ಒಂದು ಕೂದಲೆಳೆ ಕೆಳಗೆ ಬಂದು ಮಲಗಿಬಿಡುತ್ತಿತ್ತು. ಈಗ ಅದಕ್ಕೆ ಮನಸ್ಸು ಬಂದ ಹಾಗೆ. ಬೆಳಿಗ್ಗೆ ಹೋಗುವಾಗ ಅರ್ಧ. ಸಂಜೆ ಕತ್ತಲಾದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬರುವಾಗ ಮುಕ್ಕಾಲು. ಮಳೆ ಬಂದರಂತೂ ಇನ್ನೂ ಮೇಲೆ! ಮಳೆಯಲ್ಲಿ ಎಂಜಿನ್ ತಣ್ಣಗಿರಬೇಕು ತಾನೆ?

ಇದರ ಜೊತೆ ಇನ್ನೊಂದು ಕಾಟ. ಕೆಲವು ದಿನ ಸ್ಟಾರ್ಟ್ ಮಾಡಿ ಹತ್ತು ನಿಮಿಷಕ್ಕೆ ಮುಳ್ಳು ಮುಕ್ಕಾಲು ದಾಟುತ್ತದೆ. ಇನ್ನೇನು ಗಾಡಿ ನಿಲ್ಲಿಸಬೇಕು ಅನ್ನುವಾಗ ಅರ್ಧ ನಿಮಿಷದಲ್ಲಿ ಕಾಲು ಭಾಗಕ್ಕೆ ಇಳಿದು ಕೂರುತ್ತದೆ.

ಇಲ್ಲಿಯವರೆಗೆ ಮಾಡಿದ್ದು: ರೇಡಿಯೇಟರ್ ತೊಳೆಸಿದೆ. ಸೆನ್ಸರ್ ಹೊಸದು. ಥರ್ಮೋಸ್ಟಾಟ್ (ಬಿಸಿಯಾದಾಗ ನೀರಿಗೆ ದಾರಿ ಬಿಡುವ ವಾಲ್ವ್) ಹೊಸದು. ಬದಲಾವಣೆ ಏನೂ ಕಾಣಲಿಲ್ಲ. ಒಮ್ಮೆಯೂ ನೀರು ಕುದ್ದಿಲ್ಲ, ಹೊಗೆ ಬಂದಿಲ್ಲ. ರಿಸರ್ವ್ ಬಾಟಲಿ ಯಾವಾಗಲೂ ತುಂಬಿಯೇ ಇರುತ್ತದೆ. ಮೆಕ್ಯಾನಿಕ್ ಈಗ ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿಚ್ಚೋಣ ಅನ್ನುತ್ತಿದ್ದಾರೆ. ಬಿಚ್ಚಿಸಲಾ?

ಎಲ್ಲಾಬದಲಿಸಿ · ಶನಿವಾರ, ಬೆಳಿಗ್ಗೆ 9:02

ವಾಟರ್ ಪಂಪ್, ಫ್ಯಾನ್, ರೇಡಿಯೇಟರ್, ಹೋಸ್‌ಗಳು, ಎಲ್ಲಾ ಒಂದೇ ಸಲ ಹಾಕಿಸಿ. ನೆಮ್ಮದಿಯಾಗಿರಿ.

ಗ್ರೀಸ್‌ಕೈ · ಶನಿವಾರ, ಬೆಳಿಗ್ಗೆ 9:30

ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು ಹೋಗಿದೆ. ಮುಳ್ಳು ಏರಿ ಇಳಿಯುವುದು ಅಂದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ ಅಂತ ಅರ್ಥ. ಗುಳ್ಳೆ ಸೆನ್ಸರ್ ಹತ್ತಿರ ಬಂದಾಗ ರೀಡಿಂಗ್ ಹಾರುತ್ತದೆ. ಎಂಥಾ ಗಾಡಿಗಳನ್ನು ನೋಡಿಲ್ಲ ನಾವು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಒಂದೇ ನಿಮಿಷಕ್ಕೆ ಮೇಲಿನ ಹೋಸ್ ಹಿಚುಕಿ ನೋಡಿ. ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಮುಗಿಯಿತು. ಅಲ್ಲಿಯವರೆಗೆ ದೂರ ಓಡಿಸಬೇಡಿ. ಅಲ್ಯೂಮಿನಿಯಂ ಹೆಡ್ ಒಮ್ಮೆ ಸೊಟ್ಟಗಾದರೆ ಕೆಲಸ ಡಬಲ್.

ಮೀಟರ್‌ಮೇಷ್ಟ್ರು · ಶನಿವಾರ, ಬೆಳಿಗ್ಗೆ 11:10

ಸ್ವಲ್ಪ ತಡೀರಿ. ಹೆಡ್ ಬಿಚ್ಚುವ ಮೊದಲು ಒಂದು ಪ್ರಶ್ನೆ ಇತ್ಯರ್ಥ ಆಗಬೇಕು. ಬಿಸಿ ಏರಿಳಿಯುತ್ತಿರುವುದು ಎಂಜಿನ್ನಿನಲ್ಲೋ, ಬರೀ ಮೀಟರಿನಲ್ಲೋ? ಮುಳ್ಳಿಗೆ ಬಿಸಿ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ತಂತಿಯಲ್ಲಿ ಹರಿಯುವ ಕರೆಂಟು ಮಾತ್ರ.

ಹಳೇಚಕ್ರ ಅವರೇ, ಎರಡು ವಿಷಯ ನೋಡಿ ಹೇಳಿ.

ಒಂದು, ಇಗ್ನಿಷನ್ ಆನ್ ಮಾಡಿದಾಗ ಪೆಟ್ರೋಲ್ ಮೀಟರಿನ ಮುಳ್ಳು ಥಟ್ ಅಂತ ಏಳುತ್ತದೆಯಾ, ನಿಧಾನಕ್ಕೆ ತೆವಳುತ್ತಾ ಏಳುತ್ತದೆಯಾ? ತೆವಳಿದರೆ ಅದು ಬೈಮೆಟಲ್ ಮೀಟರ್. ಒಳಗೆ ಎರಡು ಲೋಹ ಅಂಟಿಸಿದ ಸಣ್ಣ ಪಟ್ಟಿ, ಅದರ ಮೇಲೆ ಸುತ್ತಿದ ತಂತಿ. ಕರೆಂಟು ಹರಿದರೆ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಮುಳ್ಳನ್ನು ತಳ್ಳುತ್ತದೆ. ಬ್ಯಾಟರಿ ವೋಲ್ಟೇಜ್ ಏರಿಳಿದರೆ ರೀಡಿಂಗ್ ಕೆಡಬಾರದು ಅಂತ ಡ್ಯಾಶ್‌ಬೋರ್ಡ್ ಹಿಂದೆ ಸ್ಟೆಬಿಲೈಸರ್ ಅಂತ ಪುಟ್ಟ ಡಬ್ಬಿ ಇರುತ್ತದೆ. ಸಾಮಾನ್ಯವಾಗಿ ಸರಾಸರಿ 10 ವೋಲ್ಟ್ ಕೊಡುತ್ತದೆ. ಪೆಟ್ರೋಲ್ ಮೀಟರಿಗೂ ಟೆಂಪರೇಚರ್ ಮೀಟರಿಗೂ ಅದೊಂದೇ.

ಎರಡು, ಟೆಂಪರೇಚರ್ ಮುಳ್ಳು ಏರಿದಾಗ ಪೆಟ್ರೋಲ್ ಮುಳ್ಳೂ ಏರುತ್ತದೆಯಾ? ಎರಡೂ ಜೊತೆಯಾಗಿ ಏರಿದರೆ ಸ್ಟೆಬಿಲೈಸರ್ ಕೆಟ್ಟಿದೆ, ಇಲ್ಲವೇ ಅದರ ಅರ್ತ್ (ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಬಿಟ್ಟಿದೆ.

ಯಾರದ್ದಾದರೂ ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಹಿಡಿದು ನೋಡಿ.

ಹಳೇಚಕ್ರ · ಶನಿವಾರ, ಸಂಜೆ 6:45

ಮೇಷ್ಟ್ರೇ, ಪೆಟ್ರೋಲ್ ಮುಳ್ಳು ತೆವಳುತ್ತಲೇ ಏಳುತ್ತದೆ. ಆದರೆ ಟೆಂಪರೇಚರ್ ಏರಿದಾಗ ಅದು ಅಲ್ಲಾಡುವುದಿಲ್ಲ. ಗಮನ ಇಟ್ಟು ನೋಡಿದೆ.

ಗ್ರೀಸ್‌ಕೈ ಅಣ್ಣ, ಹೋಸ್ ಒಂದು ನಿಮಿಷಕ್ಕೆ ಮೆತ್ತಗೇ ಇತ್ತು. ಬಿಸಿಯಾದ ಮೇಲೆ ನಿಧಾನಕ್ಕೆ ಗಟ್ಟಿಯಾಯಿತು.

ಥರ್ಮಾಮೀಟರ್ ಗನ್ ಸಿಕ್ಕಿತು. ಮುಳ್ಳು ಸರಿಯಾಗಿ ಅರ್ಧದಲ್ಲಿದ್ದಾಗ ಹೌಸಿಂಗ್ ಮೇಲೆ 52 ಡಿಗ್ರಿ ತೋರಿಸಿತು. ಅಂದರೆ ಎಂಜಿನ್ ಬಿಸಿಯೇ ಆಗುತ್ತಿಲ್ಲವಾ? ಥರ್ಮೋಸ್ಟಾಟ್ ಮೇಲೆ 82 ಅಂತ ಬರೆದಿತ್ತಲ್ಲ!

ನೀಲಿವ್ಯಾನ್ · ಶನಿವಾರ, ಸಂಜೆ 7:20

ಹೌಸಿಂಗ್ ಹೊಳೆಯುವ ಅಲ್ಯೂಮಿನಿಯಂ ತಾನೆ? ಆ ಗನ್ ಹೊಳೆಯುವ ಲೋಹದ ಮುಂದೆ ಸುಳ್ಳು ಹೇಳುತ್ತದೆ. ಬಿಸಿ ಲೋಹದಿಂದ ಹೊರಡುವ ಇನ್‌ಫ್ರಾರೆಡ್ ಕಿರಣವನ್ನು ಅದು ಅಳೆಯುತ್ತದೆ. ಹೊಳಪಿನ ಲೋಹ ಅದನ್ನು ಕಡಿಮೆ ಹೊರಗೆ ಬಿಡುತ್ತದೆ, ಸುತ್ತಲಿನದ್ದನ್ನು ಕನ್ನಡಿಯ ಹಾಗೆ ತೋರಿಸುತ್ತದೆ. ನಾನೂ ಇದೇ ತಪ್ಪು ಮಾಡಿ ಒಂದು ಒಳ್ಳೆಯ ಥರ್ಮೋಸ್ಟಾಟನ್ನು ಕಸಕ್ಕೆ ಹಾಕಿದವಳು.

ಎಂಜಿನ್ ತಣ್ಣಗಿರುವಾಗ ಹೌಸಿಂಗ್ ಒರೆಸಿ, ಅದರ ಮೇಲೊಂದು, ಸೆನ್ಸರ್ ಪಕ್ಕದಲ್ಲಿ ಹೆಡ್ ಮೇಲೊಂದು ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ. ಪ್ರತಿ ಸಲ ಆ ಟೇಪಿನ ಮೇಲೇ, ಹತ್ತಿರದಿಂದ, ನೇರಕ್ಕೆ ಹಿಡಿಯಿರಿ. ಒಂದು ಕಡೆ ಇಂಚು ಆಚೀಚೆ ಆದರೂ ಲೆಕ್ಕ ಬದಲಾಗುತ್ತದೆ.

ಹಳೇಚಕ್ರ · ಭಾನುವಾರ, ರಾತ್ರಿ 8:50

ಅಕ್ಕ, ಟೇಪು ಕೆಲಸ ಮಾಡಿತು! ಇವತ್ತಿನ ಲೆಕ್ಕ, ಎರಡೂ ಹೌಸಿಂಗ್ ಮೇಲಿನದ್ದೇ:

ಬೆಳಿಗ್ಗೆ, ಅರ್ಧ ಗಂಟೆ ಓಡಿಸಿದ ಮೇಲೆ: ಮುಳ್ಳು ಅರ್ಧ, ಟೇಪಿನ ಮೇಲೆ 86.
ಈಗ ಕತ್ತಲಲ್ಲಿ, ಅಷ್ಟೇ ದೂರ ಓಡಿಸಿ ಬಂದ ಮೇಲೆ: ಮುಳ್ಳು ಮುಕ್ಕಾಲು, ಟೇಪಿನ ಮೇಲೆ 87.

ಎರಡು ಸಲ ನೋಡಿದೆ, ಕಣ್ಣು ಉಜ್ಜಿಕೊಂಡು ನೋಡಿದೆ. ಒಂದೇ ಒಂದು ಡಿಗ್ರಿ ವ್ಯತ್ಯಾಸ.

ಮೀಟರ್‌ಮೇಷ್ಟ್ರು · ಭಾನುವಾರ, ರಾತ್ರಿ 9:15

ಹಾಗಾದರೆ ಸಂಜೆಯ ಮುಕ್ಕಾಲು ಬರೀ ಬೊಗಳೆ. ಹೆಡ್ ಮುಟ್ಟಬೇಡಿ.

ಗ್ರೀಸ್‌ಕೈ · ಭಾನುವಾರ, ರಾತ್ರಿ 9:40

ಒಪ್ಪಿದೆ, ಸಂಜೆಯದ್ದು ಬೊಗಳೆ. ಆದರೆ ಹತ್ತು ನಿಮಿಷಕ್ಕೆ ಏರಿ ಧಡಕ್ ಅಂತ ಇಳಿಯುತ್ತದಲ್ಲ, ಅದರ ಲೆಕ್ಕ ಇನ್ನೂ ಬಾಕಿ ಇದೆ.

ಇನ್ನೊಂದು. ಹೊಸ ಸೆನ್ಸರ್ ಹಾಕುವಾಗ ಥ್ರೆಡ್ಡಿಗೆ ಬಿಳಿ ಟೆಫ್ಲಾನ್ ಟೇಪ್ ಸುತ್ತಿದ್ದಾರಾ? ಒಂದೇ ವಯರಿನ ಸೆನ್ಸರ್ ಆದರೆ ಅದಕ್ಕೆ ಅರ್ತ್ ಸಿಗುವುದು ಆ ಥ್ರೆಡ್ಡಿನಿಂದಲೇ. ಟೇಪ್ ಸುತ್ತಿ ಅದನ್ನೇ ಮುಚ್ಚಿದರೆ ರೀಡಿಂಗ್ ಹೇಗೆ ಸರಿಯಾಗಿ ಬರುತ್ತದೆ?

ಮೀಟರ್‌ಮೇಷ್ಟ್ರು · ಭಾನುವಾರ, ರಾತ್ರಿ 10:05

ಟೇಪ್ ಮೇಲೆ ಎಲ್ಲರೂ ಗೂಬೆ ಕೂರಿಸುತ್ತಾರೆ. ಬಿಗಿ ಮಾಡುವಾಗ ಥ್ರೆಡ್ಡು ಅದನ್ನು ಕತ್ತರಿಸಿಕೊಂಡು ಲೋಹಕ್ಕೆ ಲೋಹ ತಾಗುವುದೇ ಜಾಸ್ತಿ. ಸುಮ್ನೆ ಊಹೆ ಬೇಡ, ಅಳೆದುಬಿಡಲಿ. ಎಂಜಿನ್ ಆಫ್ ಮಾಡಿ, ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು, ಒಂದು ಕಡ್ಡಿ ಸೆನ್ಸರಿನ ಷಟ್ಕೋನದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಮೇಲೆ. ಒಂದು ಓಮ್ ಒಳಗಿದ್ದರೆ ಟೇಪ್ ನಿರಪರಾಧಿ.

ಅದೂ ಅಲ್ಲದೆ, ಸೆನ್ಸರ್ ಅರ್ತ್ ಕೆಟ್ಟರೆ ಮುಳ್ಳು ಕೆಳಗೆ ಬರಬೇಕು, ಮೇಲೆ ಹೋಗಬಾರದು. ಈ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಕರೆಂಟು ಜಾಸ್ತಿ ಹರಿಯುತ್ತದೆ, ಮುಳ್ಳು ಎಚ್ ಕಡೆ ಹೋಗುತ್ತದೆ. ಕೆಟ್ಟ ಅರ್ತ್ ಅಂದರೆ ಇನ್ನಷ್ಟು ರೆಸಿಸ್ಟೆನ್ಸ್ ಸೇರಿದ ಹಾಗೆ. ಆಗ ತಣ್ಣಗೆ ತೋರಿಸಬೇಕು. ಇಲ್ಲಿ ಉಲ್ಟಾ ಆಗುತ್ತಿದೆ.

ಹಳೇಚಕ್ರ ಅವರೇ, ಕತ್ತಲಲ್ಲಿ ಮೇಲೆ, ಮಳೆಯಲ್ಲಿ ಇನ್ನೂ ಮೇಲೆ ಅಂದಿರಿ. ಕತ್ತಲಲ್ಲಿ ಏನು ಹಾಕುತ್ತೀರಿ? ಮಳೆಯಲ್ಲಿ ಏನು ಹಾಕುತ್ತೀರಿ?

ಹಳೇಚಕ್ರ · ಭಾನುವಾರ, ರಾತ್ರಿ 10:12

ಹೆಡ್‌ಲೈಟ್. ಮಳೆಯಲ್ಲಿ ವೈಪರ್, ಗ್ಲಾಸ್ ಮಂಜಾಗದಂತೆ ಬ್ಲೋವರ್.

ಅಯ್ಯೋ.

ಹಳೇಚಕ್ರ · ಭಾನುವಾರ, ರಾತ್ರಿ 10:40

ಈಗಲೇ ಹೋಗಿ ನೋಡಿ ಬಂದೆ. ಎಂಜಿನ್ ಇನ್ನೂ ಬಿಸಿಯಾಗಿತ್ತು. ಸ್ಟಾರ್ಟ್ ಮಾಡಿ ಐಡ್ಲಿಂಗಿನಲ್ಲಿ ಬಿಟ್ಟೆ. ಲೈಟ್ ಆಫ್: ಮುಳ್ಳು ಅರ್ಧ. ಲೈಟ್ ಹಾಕಿದೆ: ತೆವಳುತ್ತಾ ಮೇಲೆ. ಬ್ಲೋವರ್ ಸೇರಿಸಿದೆ: ಮುಕ್ಕಾಲು. ಎಲ್ಲಾ ಆಫ್ ಮಾಡಿದೆ: ನಿಧಾನಕ್ಕೆ ಮತ್ತೆ ಅರ್ಧ. ಎರಡು ತಿಂಗಳು ನಾನು ಟ್ರಾಫಿಕ್ಕನ್ನು ಬೈದುಕೊಂಡಿದ್ದೇ ಬಂತು.

ಮೀಟರ್‌ಮೇಷ್ಟ್ರು · ಭಾನುವಾರ, ರಾತ್ರಿ 11:00

ಬೈಯ್ದಿದ್ದು ಬೈಯ್ದಾಯಿತು. ಈಗ ಕೇಳಿ.

ನಿಮ್ಮ ಗಾಡಿಯಲ್ಲಿ ಬ್ಯಾಟರಿಯ ನೆಗೆಟಿವ್ ದಪ್ಪ ಕೇಬಲ್ ಎಂಜಿನ್ನಿಗೆ ಹೋಗುತ್ತದೆ ಅಂದುಕೊಳ್ಳುತ್ತೇನೆ. ಎಂಜಿನ್ನಿಂದ ಬಾಡಿಗೆ ಇನ್ನೊಂದು ಪಟ್ಟಿ ಇರಬೇಕು, ತಾಮ್ರದ ಎಳೆಗಳನ್ನು ಜಡೆಯ ಹಾಗೆ ಹೆಣೆದದ್ದು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ಆದ್ದರಿಂದ ಬಾಡಿಗೂ ಎಂಜಿನ್ನಿಗೂ ನಡುವೆ ಕರೆಂಟಿಗೆ ಸರಿಯಾದ ದಾರಿ ಆ ಪಟ್ಟಿಯೊಂದೇ. ಹೆಡ್‌ಲೈಟ್, ಬ್ಲೋವರ್, ವೈಪರ್, ಎಲ್ಲದರ ಕರೆಂಟೂ ಬಾಡಿಯಿಂದ ಆ ಪಟ್ಟಿ ದಾಟಿಯೇ ವಾಪಸ್ ಹೋಗಬೇಕು. ಪಟ್ಟಿಯ ಬುಡ ತುಕ್ಕು ಹಿಡಿದಿದ್ದರೆ ಅಲ್ಲಿ ಒಂದು ವೋಲ್ಟೋ ಎರಡು ವೋಲ್ಟೋ ಉಳಿದುಬಿಡುತ್ತದೆ. ಅಂದರೆ ಬಾಡಿ ಎಂಜಿನ್ನಿಗಿಂತ ಅಷ್ಟು ವೋಲ್ಟ್ ಮೇಲೆ ಕೂರುತ್ತದೆ.

ಸ್ಟೆಬಿಲೈಸರಿಗೆ ಇದು ಗೊತ್ತಿಲ್ಲ. ಅದು ಬಾಡಿಯಿಂದ ಲೆಕ್ಕ ಹಾಕಿ 10 ವೋಲ್ಟ್ ಕೊಡುತ್ತದೆ. ಪೆಟ್ರೋಲ್ ಸೆನ್ಸರ್ ಕೂಡ ಬಾಡಿಗೇ ಅರ್ತ್, ಅದಕ್ಕೇ ಆ ಮುಳ್ಳು ಅಲ್ಲಾಡುವುದಿಲ್ಲ. ಟೆಂಪರೇಚರ್ ಸೆನ್ಸರ್ ಮಾತ್ರ ಎಂಜಿನ್ನಿಗೆ ಅರ್ತ್. ಅದರ ಲೆಕ್ಕದಲ್ಲಿ 11 ವೋಲ್ಟ್ ಬಂದ ಹಾಗೆ. ಕರೆಂಟು ಜಾಸ್ತಿ, ಮುಳ್ಳು ಮೇಲೆ.

ನಂಬಬೇಡಿ, ಪರೀಕ್ಷೆ ಮಾಡಿ. 68 ಓಮ್, 2 ವಾಟ್ ರೆಸಿಸ್ಟರ್ ಒಂದು ತನ್ನಿ. ಸೆನ್ಸರ್ ವಯರ್ ಕಳಚಿ. ವಯರಿಗೂ ಎಂಜಿನ್ನಿಗೂ ನಡುವೆ ಆ ರೆಸಿಸ್ಟರ್ ಸಿಕ್ಕಿಸಿ. ರೆಸಿಸ್ಟರಿಗೆ ಎಂಜಿನ್ ಬಿಸಿಯ ಹಂಗಿಲ್ಲ, ಮುಳ್ಳು ಒಂದು ಕಡೆ ನಿಲ್ಲಲೇಬೇಕು. ಲೈಟ್ ಹಾಕಿ ನೋಡಿ. ಆಮೇಲೆ ರೆಸಿಸ್ಟರಿನ ತುದಿಯನ್ನು ಎಂಜಿನ್ ಬದಲು ಬಾಡಿಗೆ ತಾಗಿಸಿ, ಮತ್ತೆ ಲೈಟ್ ಹಾಕಿ ನೋಡಿ. ವಯರನ್ನು ನೇರವಾಗಿ ಲೋಹಕ್ಕೆ ಮುಟ್ಟಿಸಿ ಹಿಡಿಯಬೇಡಿ, ಮೀಟರಿನ ಒಳಗಿನ ತಂತಿ ಸುಟ್ಟುಹೋದೀತು.

ಕೊನೆಗೆ ಎಂಜಿನ್ ಓಡುತ್ತಿರುವಾಗ, ಲೈಟು ಬ್ಲೋವರ್ ಎಲ್ಲಾ ಹಾಕಿ, ಬ್ಯಾಟರಿಯ ನೆಗೆಟಿವ್ ಕಂಬದಿಂದ ಬಾಡಿಯ ಸ್ವಚ್ಛ ಲೋಹಕ್ಕೆ ಡಿಸಿ ವೋಲ್ಟ್ ಅಳೆಯಿರಿ. 0.1, ಹೆಚ್ಚೆಂದರೆ 0.2 ಇರಬೇಕು.

ಹೊಸಲೈಸೆನ್ಸ್ · ಸೋಮವಾರ, ಬೆಳಿಗ್ಗೆ 7:55

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ಇಂಜೆಕ್ಷನ್ ಗಾಡಿ, ಇದಕ್ಕಿಂತ ಹೊಸದು. ಸ್ಕ್ಯಾನರ್ ಹಾಕಿದರೆ ಕೂಲಂಟ್ (ಎಂಜಿನ್ ತಣಿಸುವ ನೀರು) ಮೈನಸ್ 40 ಡಿಗ್ರಿ ಅನ್ನುತ್ತದೆ. ಡ್ಯಾಶ್ ಮುಳ್ಳು ಅರ್ಧದಲ್ಲಿ ಆರಾಮಾಗಿದೆ. ಯಾರನ್ನು ನಂಬಲಿ?

ಮೀಟರ್‌ಮೇಷ್ಟ್ರು · ಸೋಮವಾರ, ಬೆಳಿಗ್ಗೆ 8:20

ನಿಮ್ಮದರಲ್ಲಿ ಎರಡು ಸೆನ್ಸರ್ ಇದೆ ಅಂತ ಇದರಲ್ಲೇ ಗೊತ್ತಾಯಿತು. ಮುಳ್ಳಿಗೊಂದು, ಇಸಿಯುಗೊಂದು. ಮೈನಸ್ 40 ಅಂದರೆ ಚಳಿ ಅಲ್ಲ, ಇಸಿಯು ಸೆನ್ಸರಿನ ವಯರ್ ಎಲ್ಲೋ ಬಿಟ್ಟಿದೆ ಅಂತ. ಕನೆಕ್ಟರ್ ಬಿಚ್ಚಿ ಹಸಿರು ಹಿಡಿದಿದೆಯಾ ನೋಡಿ. ಹಾಗೇ ಓಡಿಸಿದರೆ ಎಂಜಿನ್ ತಣ್ಣಗಿದೆ ಅಂದುಕೊಂಡು ಇಸಿಯು ಪೆಟ್ರೋಲ್ ಸುರಿಯಬಹುದು.

ಇನ್ನೊಂದು ಮಾತು. ಈಚಿನ ಎಷ್ಟೋ ಗಾಡಿಗಳಲ್ಲಿ ಮುಳ್ಳನ್ನು ಬೇಕೆಂದೇ ನಡುವೆ ಕಟ್ಟಿಹಾಕಿರುತ್ತಾರೆ. ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಅಲ್ಲಾಡುವುದಿಲ್ಲ, ಓಡಿಸುವವರು ಗಾಬರಿಯಾಗದಿರಲಿ ಅಂತ. ನನಗೆ ಅದು ಇಷ್ಟವಿಲ್ಲ. ಅಲ್ಲಾಡಿದಾಗ ಕಾಲ ಮಿಂಚಿರುತ್ತದೆ.

ಹಳೇಚಕ್ರ · ಸೋಮವಾರ, ರಾತ್ರಿ 9:30

ಮೇಷ್ಟ್ರೇ, ಒಂದೊಂದಾಗಿ.

ಸೆನ್ಸರ್ ಷಟ್ಕೋನದಿಂದ ಬ್ಲಾಕಿಗೆ 0.3 ಓಮ್. ಟೆಫ್ಲಾನ್ ಸುತ್ತಿದ್ದು ನಿಜ, ಆದರೆ ತಪ್ಪು ಅದರದ್ದಲ್ಲ.

ತೆಗೆದಿದ್ದ ಹಳೇ ಸೆನ್ಸರನ್ನು ಕುತೂಹಲಕ್ಕೆ ಪಾತ್ರೆಯ ನೀರಿನಲ್ಲಿ ತಂತಿ ಕಟ್ಟಿ ನೇತುಹಾಕಿ ಕಾಯಿಸಿದೆ. 30 ಡಿಗ್ರಿಗೆ 480 ಓಮ್, 50ಕ್ಕೆ 223, 70ಕ್ಕೆ 113, 80ಕ್ಕೆ 83, 90ಕ್ಕೆ 62. ಎಲ್ಲೂ ಜಿಗಿತ ಇಲ್ಲ. ಪಾಪ, ಅದನ್ನು ಸುಮ್ನೆ ತೆಗೆಸಿದೆ.

68 ಓಮ್ ರೆಸಿಸ್ಟರ್ ಎಂಜಿನ್ನಿಗೆ ಸಿಕ್ಕಿಸಿದಾಗ ಲೈಟ್ ಹಾಕಿದರೆ ಮುಳ್ಳು ಏರಿತು. ತಣ್ಣಗಿನ ಎಂಜಿನ್, ಮುಳ್ಳು ಮುಕ್ಕಾಲು! ಅದೇ ರೆಸಿಸ್ಟರನ್ನು ಬಾಡಿಗೆ ತಾಗಿಸಿದಾಗ ಲೈಟ್ ಹಾಕಿದರೂ ಕದಲಲಿಲ್ಲ.

ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ, ಎಲ್ಲಾ ಹಾಕಿದಾಗ 1.1 ವೋಲ್ಟ್. ನೆಗೆಟಿವ್‌ನಿಂದ ಎಂಜಿನ್ನಿಗೆ 0.02.

ಪಟ್ಟಿ ಹುಡುಕಿದೆ. ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗಿದೆ. ಬಾಡಿ ಕಡೆಯ ಬೋಲ್ಟ್ ಕೈಯಲ್ಲೇ ತಿರುಗಿತು. ಅಡಿಯಲ್ಲಿ ಬಣ್ಣ, ಅದರ ಮೇಲೆ ತುಕ್ಕು, ಅದರ ಮೇಲೆ ಎಣ್ಣೆ ಜಿಡ್ಡು. ಆಗ ನೆನಪಾಯಿತು, ಎರಡು ತಿಂಗಳ ಹಿಂದೆ ಕ್ಲಚ್ ಪ್ಲೇಟ್ ಹಾಕಿಸಿದ್ದೆ. ಗೇರ್‌ಬಾಕ್ಸ್ ಇಳಿಸುವಾಗ ಪಟ್ಟಿ ಬಿಚ್ಚಿದ್ದಾರೆ, ವಾಪಸ್ ಹಾಕುವಾಗ ಸುಮ್ಮನೆ ಸಿಕ್ಕಿಸಿದ್ದಾರೆ. ಇದನ್ನು ಮೊದಲೇ ಹೇಳಬೇಕಿತ್ತು ನಾನು.

ಗ್ರೀಸ್‌ಕೈ · ಸೋಮವಾರ, ರಾತ್ರಿ 9:50

ಹೂಂ, ಹೇಳಬೇಕಿತ್ತು. ಕಂಪ್ಲೇಂಟ್ ಬಂದ ಗಾಡಿಗೆ ನಾನು ಕೇಳುವ ಮೊದಲನೇ ಪ್ರಶ್ನೆಯೇ ಅದು, ಇದಕ್ಕೂ ಮುಂಚೆ ಯಾವ ಕೆಲಸ ಮಾಡಿಸಿದ್ರಿ ಅಂತ. ಇಲ್ಲಿ ಕೇಳಲಿಲ್ಲ, ತಪ್ಪು ನನ್ನದೂ ಇದೆ.

ಈ ಪಟ್ಟಿಯ ಕಥೆ ನನಗೂ ಗೊತ್ತು. ಒಂದು ಗಾಡಿಯಲ್ಲಿ ಬ್ಯಾಟರಿ ನೆಗೆಟಿವ್ ಬಾಡಿಗೆ ಹೋಗುತ್ತಿತ್ತು, ಎಂಜಿನ್ ಪಟ್ಟಿ ಪೂರ್ತಿ ತುಂಡಾಗಿತ್ತು. ಸೆಲ್ಫ್ ಹೊಡೆದಾಗ ಸ್ಟಾರ್ಟರಿನ ಕರೆಂಟೆಲ್ಲ ಬೇರೆ ದಾರಿ ಇಲ್ಲದೆ ಕ್ಲಚ್ ಕೇಬಲ್ ಮೇಲೆ ಹೋಯಿತು. ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆ ಕರಗಿ ಕ್ಯಾಬಿನ್ ಒಳಗೆ ಹೊಗೆ. ಓನರ್ ಹೊರಗೆ ಹಾರಿದ್ದರು. ನಿಮ್ಮ ಆಕ್ಸಿಲರೇಟರ್ ಕೇಬಲ್ಲನ್ನೂ ಒಮ್ಮೆ ನೋಡಿ, ಅದೂ ಇಷ್ಟು ದಿನ ಲೈಟಿನ ಕರೆಂಟು ಹೊತ್ತಿರುತ್ತದೆ.

ಬೋಲ್ಟ್ ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಎಮರಿ ಹಾಕಿ ಉಜ್ಜಿ. ಪಟ್ಟಿಯ ತುದಿಯ ಲಗ್ಗಿನ (ಬೋಲ್ಟ್ ತೂರುವ ಲೋಹದ ತುಂಡು) ಎರಡೂ ಮುಖ ಉಜ್ಜಿ. ಹಲ್ಲಿನ ವಾಷರ್ ಹಾಕಿ ಬಿಗಿಮಾಡಿ. ಬಿಗಿಯಾದ ಮೇಲೆ ಹೊರಗಿನಿಂದ ಗ್ರೀಸ್ ಸವರಿ. ಮೊದಲೇ ಬಣ್ಣ ಬಳಿದು ಆಮೇಲೆ ಬಿಗಿ ಮಾಡುವ ಬುದ್ಧಿವಂತರೂ ಇದ್ದಾರೆ.

ಹಳೇಚಕ್ರ · ಬುಧವಾರ, ರಾತ್ರಿ 8:10

ಎಳೆಗಳೂ ಅರ್ಧ ಹರಿದಿದ್ದವು, ಹೊಸ ಪಟ್ಟಿಯೇ ಹಾಕಿದೆ. ಈಗ ಎಲ್ಲಾ ಹಾಕಿದರೂ 0.04 ವೋಲ್ಟ್. ಲೈಟ್, ವೈಪರ್, ಬ್ಲೋವರ್, ಹಾರ್ನ್, ಏನು ಹಾಕಿದರೂ ಮುಳ್ಳು ಅರ್ಧದಲ್ಲೇ.

ಆದರೆ ಇವತ್ತು ಬೆಳಿಗ್ಗೆ ಆ ಇನ್ನೊಂದು ಕಾಟ ಬಂತು. ಹತ್ತು ನಿಮಿಷಕ್ಕೆ ಮುಕ್ಕಾಲು ದಾಟಿತು. ಲೈಟ್ ಹಾಕಿರಲಿಲ್ಲ. ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿ ಗನ್ ಹಿಡಿದೆ. ಸೆನ್ಸರ್ ಪಕ್ಕದ ಟೇಪಿನ ಮೇಲೆ 101. ನೋಡುತ್ತಿದ್ದ ಹಾಗೆ ಇಳಿಯತೊಡಗಿತು, 78ಕ್ಕೆ ಬಂತು. ಮುಳ್ಳೂ ಇಳಿದಿತ್ತು. ಈ ಸಲ ಮುಳ್ಳು ನಿಜವನ್ನೇ ಹೇಳಿದೆ.

ನೀಲಿವ್ಯಾನ್ · ಬುಧವಾರ, ರಾತ್ರಿ 8:35

ಇದು ನನ್ನ ಸಬ್ಜೆಕ್ಟು! ನೀರಿನ ದಾರಿಯಲ್ಲಿ ಏರ್ ಹಿಡಿದಿದೆ. ಎರಡು ಪ್ರಶ್ನೆ. ಮುಳ್ಳು ಏರುವಾಗ ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತದೆಯಾ? ಸ್ಟಾರ್ಟ್ ಮಾಡಿದಾಗ ಡ್ಯಾಶ್ ಹಿಂದೆ ಬಾಟಲಿಯಿಂದ ನೀರು ಸುರಿದ ಹಾಗೆ ಗುಳುಗುಳು ಸದ್ದು ಕೇಳುತ್ತದೆಯಾ?

ಥರ್ಮೋಸ್ಟಾಟ್ ಒಳಗೆ ಮೇಣ ಇರುತ್ತದೆ. ಬಿಸಿ ನೀರು ತಾಗಿದರೆ ಮೇಣ ಕರಗಿ ಹಿಗ್ಗುತ್ತದೆ, ವಾಲ್ವ್ ತೆರೆಯುತ್ತದೆ. ಅದರ ಅಡಿಯಲ್ಲಿ ನೀರಿನ ಬದಲು ಗಾಳಿ ಕೂತಿದ್ದರೆ ಮೇಣಕ್ಕೆ ಬಿಸಿ ಸರಿಯಾಗಿ ಮುಟ್ಟುವುದಿಲ್ಲ. ಕೆಳಗೆ ಹೆಡ್ಡಿನಲ್ಲಿ ನೀರು 100 ದಾಟಿದರೂ ಇದು ಬಾಗಿಲು ಹಾಕಿಕೊಂಡು ಕೂತಿರುತ್ತದೆ. ಕೊನೆಗೊಮ್ಮೆ ತೆರೆದಾಗ ರೇಡಿಯೇಟರಿನಲ್ಲಿದ್ದ ತಣ್ಣನೆಯ ನೀರೆಲ್ಲ ಒಳಗೆ ನುಗ್ಗುತ್ತದೆ. ಅದಕ್ಕೇ ಆ ಧಡಕ್.

ಈ ಏರಿಳಿತ ಥರ್ಮೋಸ್ಟಾಟ್ ಬದಲಿಸಿದ ಮೇಲೆ ಶುರುವಾಯಿತಾ, ಮೊದಲೇ ಇತ್ತಾ? ಹೊಸ ಥರ್ಮೋಸ್ಟಾಟಿನ ತಟ್ಟೆಯಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಲೊಡಲೊಡ ಅಲ್ಲಾಡುವ ಪಿನ್ನು ಇದೆಯಾ? ಗಾಳಿ ಹೊರಗೆ ಹೋಗಲಿ ಅಂತಲೇ ಅದನ್ನು ಇಟ್ಟಿರುವುದು. ಹೌಸಿಂಗ್ ಅಡ್ಡಕ್ಕೆ ಕೂರುವ ಎಂಜಿನ್ ಆದರೆ ಪಿನ್ನು ಮೇಲ್ಗಡೆ ಬರಬೇಕು.

ಹಳೇಚಕ್ರ · ಗುರುವಾರ, ರಾತ್ರಿ 9:05

ಅಕ್ಕ, ಮೂರಕ್ಕೂ ಹೌದು. ಹೀಟರ್ ತಣ್ಣಗೆ, ಗುಳುಗುಳು ಇದೆ, ಯೋಚಿಸಿದರೆ ಇದು ಥರ್ಮೋಸ್ಟಾಟ್ ಬದಲಿಸಿದ ಮೇಲೇ ಶುರುವಾದದ್ದು. ಸಂಜೆಯ ಏರಿಕೆಯ ಜೊತೆ ಕಲೆಸಿಕೊಂಡು ಎರಡೂ ಒಂದೇ ಅಂದುಕೊಂಡಿದ್ದೆ.

ಹೌಸಿಂಗ್ ಬಿಚ್ಚಿದೆ. ಪಿನ್ನು ಸರಿಯಾಗಿ ಕೆಳಗಡೆಗೇ ಕೂತಿತ್ತು. ಪಾತ್ರೆಯಲ್ಲಿ ಕಾಯಿಸಿ ನೋಡಿದೆ, 82ರ ಹತ್ತಿರ ಬಾಯಿ ಬಿಟ್ಟಿತು, 95ಕ್ಕೆ ಪೂರ್ತಿ ತೆರೆಯಿತು. ಒಳ್ಳೆಯದೇ. ಪಿನ್ನು ಮೇಲೆ ಮಾಡಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ. ಗಾಳಿ ತೆಗೆಯುವುದು ಹೇಗೆ?

ನೀಲಿವ್ಯಾನ್ · ಗುರುವಾರ, ರಾತ್ರಿ 9:25

ಪೂರ್ತಿ ತಣ್ಣಗಿರುವಾಗ ಮಾಡಿ. ಬಿಸಿ ಎಂಜಿನ್ನಿನ ಕ್ಯಾಪ್ ತೆಗೆದು ಕೈ ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. 0.9 ಬಾರ್ ಕ್ಯಾಪ್ ಇದ್ದರೆ ಒಳಗೆ ನೀರು 118 ಡಿಗ್ರಿಯ ಆಸುಪಾಸಿನವರೆಗೂ ಕುದಿಯದೆ ಕೂತಿರುತ್ತದೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಗಿ ಅಷ್ಟೂ ಕುದ್ದು ಹೊರಗೆ ಹಾರುತ್ತದೆ.

ಗಾಡಿಯ ಮೂತಿ ಮೇಲೆ ಬರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ. ರೇಡಿಯೇಟರ್ ಬಾಯಿಯೇ ಎಲ್ಲಕ್ಕಿಂತ ಎತ್ತರ ಇರಬೇಕು. ಹೀಟರ್ ಲಿವರ್ ಪೂರ್ತಿ ಬಿಸಿಗೆ. ಕ್ಯಾಪ್ ತೆಗೆದು ಕೂಲಂಟ್ ನಿಧಾನಕ್ಕೆ, ಸಣ್ಣ ಧಾರೆಯಲ್ಲಿ ಹಾಕಿ. ಹಾಕುತ್ತಾ ಮೇಲಿನ ಹೋಸ್ ಹಿಚುಕುತ್ತಿರಿ, ಗುಳ್ಳೆ ಬರುತ್ತದೆ. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ನೀರು ಬರುವವರೆಗೆ ಸಡಿಲಿಸಿ. ಆಮೇಲೆ ಸ್ಟಾರ್ಟ್ ಮಾಡಿ ಕ್ಯಾಪ್ ಇಲ್ಲದೆ ಐಡ್ಲಿಂಗಿನಲ್ಲಿ ಬಿಡಿ, ಮುಖ ಹತ್ತಿರ ಒಯ್ಯಬೇಡಿ. ಮಟ್ಟ ಇಳಿದಂತೆ ತುಂಬಿಸಿ. ಥರ್ಮೋಸ್ಟಾಟ್ ತೆರೆದಾಗ ಒಮ್ಮೆ ದೊಡ್ಡ ಗುಳ್ಳೆ ಬಂದು ಮಟ್ಟ ಧುಪ್ಪನೆ ಇಳಿಯುತ್ತದೆ. ಹೀಟರಿನಲ್ಲಿ ಬಿಸಿ ಗಾಳಿ ಬಂದರೆ ಆಯಿತು.

ಹಳೇಚಕ್ರ · ಶುಕ್ರವಾರ, ರಾತ್ರಿ 7:40

ಸುಮಾರು ಮುಕ್ಕಾಲು ಲೀಟರ್ ಹಿಡಿಯಿತು! ಹೀಟರ್ ಈಗ ಕೈ ಸುಡುವ ಹಾಗೆ ಬಿಸಿ. ಗುಳುಗುಳು ಇಲ್ಲ. ಎಲ್ಲರಿಗೂ ದೊಡ್ಡ ನಮಸ್ಕಾರ.

ಹಳೇಚಕ್ರ · ಮಂಗಳವಾರ, ಬೆಳಿಗ್ಗೆ 9:50

ನಮಸ್ಕಾರ ವಾಪಸ್. ಮತ್ತೆ ಗುಳುಗುಳು. ಇವತ್ತು ಮುಳ್ಳು ಮುಕ್ಕಾಲಿನವರೆಗೆ ಹೋಗಿ ಬಿತ್ತು.

ಗ್ರೀಸ್‌ಕೈ · ಮಂಗಳವಾರ, ಬೆಳಿಗ್ಗೆ 10:05

ನಾನು ಅವತ್ತೇ ಹೇಳಿದೆ. ತೆಗೆದ ಗಾಳಿ ನಾಲ್ಕು ದಿನಕ್ಕೆ ಮತ್ತೆ ಬಂತು ಅಂದರೆ ಎಲ್ಲಿಂದಲೋ ಒಳಗೆ ಬರುತ್ತಿದೆ. ಆ ನೀಲಿ ದ್ರಾವಣದ ಟೆಸ್ಟ್ ಮಾಡಿಸಿ. ರೇಡಿಯೇಟರ್ ಬಾಯಿಯ ಮೇಲೆ ಗಾಜಿನ ಕೊಳವೆ ಇಟ್ಟು ಅಲ್ಲಿನ ಗಾಳಿಯನ್ನು ದ್ರಾವಣದ ಮೂಲಕ ಎಳೆಯುತ್ತಾರೆ. ನೀಲಿ ಹೋಗಿ ಹಳದಿ ಆದರೆ ಸಿಲಿಂಡರ್ ಗ್ಯಾಸ್ ಇದೆ, ಗ್ಯಾಸ್ಕೆಟ್ ಹೋಗಿದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಬೆಳ್ಳಗೆ ಕೆನೆಯ ಹಾಗಾಗಿದೆಯಾ ನೋಡಿ.

ನೀಲಿವ್ಯಾನ್ · ಮಂಗಳವಾರ, ಬೆಳಿಗ್ಗೆ 10:30

ಟೆಸ್ಟ್ ಮಾಡಿಸಿ, ಒಳ್ಳೆಯದೇ. ಅದಕ್ಕಿಂತ ಮೊದಲು ನಾಳೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ರೇಡಿಯೇಟರ್ ಕ್ಯಾಪ್ ತೆಗೆದು ಒಳಗೆ ನೋಡಿ. ರಿಸರ್ವ್ ಬಾಟಲಿ ನೋಡಿದರೆ ಸಾಲದು. ಮೊದಲ ದಿನ ನೀವು ಬಾಟಲಿ ಯಾವಾಗಲೂ ತುಂಬಿರುತ್ತದೆ ಅಂದಿರಿ, ಅದು ನನ್ನ ತಲೆಯಲ್ಲಿ ಕೊರೆಯುತ್ತಾ ಇದೆ. ಬಾಟಲಿಯ ಮಟ್ಟ ಬಿಸಿಗೆ ಏರಬೇಕು, ತಣ್ಣಗಾದಾಗ ಇಳಿಯಬೇಕು. ಯಾವಾಗಲೂ ತುಂಬಿದೆ ಅಂದರೆ ವಾಪಸ್ ಹೋಗುತ್ತಿಲ್ಲ ಅಂತ.

ಹಳೇಚಕ್ರ · ಬುಧವಾರ, ರಾತ್ರಿ 8:25

ದ್ರಾವಣ ನೀಲಿಯಾಗಿಯೇ ಉಳಿಯಿತು. ಹತ್ತು ನಿಮಿಷ ಎಳೆದರೂ ನೀಲಿ. ಆಯಿಲ್ ಸರಿ ಇದೆ.

ಬೆಳಿಗ್ಗೆ ಕ್ಯಾಪ್ ತೆಗೆದೆ. ಬಾಟಲಿ ಮೇಲಿನ ಗೆರೆಗೂ ಮೇಲೆ, ರೇಡಿಯೇಟರ್ ಒಳಗೆ ಎರಡು ಬೆರಳು ಖಾಲಿ! ಕುತ್ತಿಗೆಯಿಂದ ಬಾಟಲಿಗೆ ಹೋಗುವ ಸಣ್ಣ ರಬ್ಬರ್ ಪೈಪನ್ನು ಎಳೆದು ಬಾಗಿಸಿ ನೋಡಿದೆ. ನೇರ ಇದ್ದಾಗ ಏನೂ ಕಾಣಿಸುವುದಿಲ್ಲ. ಬಾಗಿಸಿದರೆ ಕುತ್ತಿಗೆಯ ಹತ್ತಿರ, ಕ್ಲಿಪ್ಪಿನ ಅಡಿಯಲ್ಲಿ, ಉಗುರಿನಷ್ಟು ಉದ್ದದ ಬಿರುಕು ಬಾಯಿ ಬಿಡುತ್ತದೆ.

ನೀಲಿವ್ಯಾನ್ · ಬುಧವಾರ, ರಾತ್ರಿ 8:40

ಸಿಕ್ಕಿಬಿತ್ತು. ಬಿಸಿಯಾದಾಗ ನೀರು ಹಿಗ್ಗಿ ಬಾಟಲಿಗೆ ಹೋಗುತ್ತದೆ, ಆಗ ಬಿರುಕಿನಿಂದ ಒಂದೆರಡು ಹನಿ ಸೋರಿದರೂ ಬಿಸಿಗೆ ಆರಿಹೋಗುತ್ತದೆ. ತಣ್ಣಗಾದಾಗ ರೇಡಿಯೇಟರ್ ಬಾಟಲಿಯಿಂದ ನೀರು ಹೀರಬೇಕು. ಬಿರುಕು ಹತ್ತಿರ ಇದೆ, ಬಾಟಲಿ ದೂರ ಇದೆ. ನೀರಿಗಿಂತ ಗಾಳಿ ಎಳೆಯುವುದು ಸುಲಭ. ದಿನಾ ರಾತ್ರಿ ಒಂದೊಂದು ಗುಟುಕು ಗಾಳಿ.

ಕ್ಯಾಪಿನ ರಬ್ಬರನ್ನೂ ನೋಡಿ. ನಡುವೆ ಪುಟ್ಟ ವಾಲ್ವ್ ಇರುತ್ತದೆ, ಉಗುರಿನಿಂದ ಎಳೆದರೆ ತೆರೆದು ತಾನೇ ಮುಚ್ಚಿಕೊಳ್ಳಬೇಕು. ಅಂಟಿಕೊಂಡಿದ್ದರೂ ಇದೇ ಕಥೆ.

ಎಲ್ಲಾಬದಲಿಸಿ · ಬುಧವಾರ, ರಾತ್ರಿ 9:00

ಹೋಸ್‌ಗಳು ಅಂತ ನಾನು ಮೊದಲೇ ಬರೆದಿದ್ದೆ. ದಯವಿಟ್ಟು ಗಮನಿಸಿ.

ಗ್ರೀಸ್‌ಕೈ · ಬುಧವಾರ, ರಾತ್ರಿ 9:10

ಗುರುವೇ, ನೀವು ಎಲ್ಲವನ್ನೂ ಬರೆದಿದ್ದಿರಿ. ಸ್ಟೀರಿಂಗ್ ಒಂದು ಬಿಟ್ಟಿದ್ದಿರಿ ಅಷ್ಟೇ.

ನನ್ನ ಗ್ಯಾಸ್ಕೆಟ್ ವಾಪಸ್ ತಗೊಂಡೆ. ದ್ರಾವಣ ನೀಲಿ ಅಂದಮೇಲೆ ನೀಲಿ.

ಹಳೇಚಕ್ರ · ಎರಡು ವಾರದ ನಂತರ, ಭಾನುವಾರ ರಾತ್ರಿ 9:35

ಪೈಪು, ಕ್ಯಾಪು ಎರಡೂ ಹೊಸದು. ಮತ್ತೊಮ್ಮೆ ಗಾಳಿ ತೆಗೆದೆ. ಹದಿನಾಲ್ಕು ದಿನ ಬೆಳಿಗ್ಗೆ ಕ್ಯಾಪ್ ತೆಗೆದು ನೋಡಿದ್ದೇನೆ, ನೀರು ಕುತ್ತಿಗೆಯವರೆಗೆ. ಬಾಟಲಿ ಏರುತ್ತದೆ, ಇಳಿಯುತ್ತದೆ. ಟೇಪಿನ ಮೇಲೆ 84ರಿಂದ 89ರ ಒಳಗೆ. ನಿನ್ನೆ ಜೋರು ಮಳೆಯಲ್ಲಿ, ರಾತ್ರಿ, ಎಲ್ಲಾ ಹಾಕಿಕೊಂಡು ಎರಡು ಗಂಟೆ ಓಡಿಸಿದೆ. ಮುಳ್ಳು ಅರ್ಧಕ್ಕಿಂತ ಒಂದು ಕೂದಲೆಳೆ ಕೆಳಗೆ, ಅದರ ಹಳೇ ಜಾಗದಲ್ಲಿ.

ಹೊಸ ಸಮಸ್ಯೆ ಒಂದೇ. ಅರ್ತ್ ಸರಿಯಾದ ಮೇಲೆ ಹೆಡ್‌ಲೈಟಿಗೆ ಪೂರ್ತಿ ವೋಲ್ಟ್ ಸಿಗುತ್ತಿದೆ. ಎದುರಿನಿಂದ ಬರುವವರೆಲ್ಲ ನನಗೆ ಡಿಪ್ ಹೊಡೆಯುತ್ತಿದ್ದಾರೆ. ಲೈಟಿನ ಕೋನ ಇಳಿಸುವ ಸ್ಕ್ರೂ ಯಾವುದು ಮೇಷ್ಟ್ರೇ, ಮೇಲಿನದ್ದೋ ಪಕ್ಕದ್ದೋ?